ಪೈಪು ಮುಟ್ಟದ ಮೂಲೆ

ಈ ಸೆಕೆಯಲ್ಲೂ ಕೋಟಿನ ಗುಂಡಿ ಬಿಚ್ಚದೆ ಕುಳಿತಿರುವ ನಮ್ಮ ವಿಶ್ವಾಮಿತ್ರಿ ಕನ್ನಡ ಬಳಗದ ಅಧ್ಯಕ್ಷರಾದ ಹರಿಪ್ರಸಾದ ಅವರೇ, ನನ್ನಲ್ಲಿ ಇಲ್ಲದ ಗುಣಗಳೆಲ್ಲ ಇವೆಯೆಂದು ಈಗಷ್ಟೇ ಮೈಕಿನಲ್ಲಿ ಸಾರಿದ ಕಾರ್ಯದರ್ಶಿ ಮೇಘನಾ ಅವರೇ, ವಸ್ತ್ರಾಪುರದಿಂದ, ಚಾಂದ್‌ಖೇಡಾದಿಂದ ಬಸ್ಸು ಮಾಡಿಕೊಂಡು ಬಂದ ಅಹಮದಾಬಾದಿನ ಬಂಧುಗಳೇ, ಸೂರತ್ತಿನಿಂದ ರೈಲಿನಲ್ಲಿ ನಿಂತುಕೊಂಡೇ ಬಂದೆವೆಂದು ಬಾಗಿಲಲ್ಲೇ ದೂರು ಹೇಳಿದ ಮಿತ್ರರೇ, ಮುಂದಿನ ಸಾಲಿನಲ್ಲಿ ಕುಳಿತು ನನ್ನನ್ನು ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತಿರುವ ನನ್ನ ಮಗಳು ಸ್ವಾತಿಯೇ, ವಡೋದರಾದ ನನ್ನ ಸಮಸ್ತ ಸಭಿಕರೇ, ನಿಮಗೆಲ್ಲ ನನ್ನ ವಂದನೆಗಳು.

ನಾನು ಭಾಷಣಕಾರ ಅಲ್ಲ ಮಾರಾಯ್ರೆ. ಪದ್ಮನಾಭ ಎಂದರೆ ಯಾರು? ಅಲ್ಕಾಪುರಿಯಲ್ಲಿ ಸ್ಟೇಷನ್ನಿನ ಹತ್ತಿರ ಇಡ್ಲಿ ಮಾರುವವನು. ಗಲ್ಲೆಯಲ್ಲಿ ಹಣ ಎಣಿಸುತ್ತ ಕುಳಿತು ಸಪ್ಲೈಯರುಗಳಿಗೆ ಬೈಯುವುದೊಂದೇ ನನಗೆ ಬರುವ ಭಾಷಣ. ನಮ್ಮ ಸಾಂಬಾರಿಗೆ ಬೆಲ್ಲ ಜಾಸ್ತಿ ಎಂದು ಇಲ್ಲಿ ಕುಳಿತವರಲ್ಲಿ ಅರ್ಧ ಜನ ನನ್ನ ಬೆನ್ನ ಹಿಂದೆ ಹೇಳಿಕೊಂಡು ತಿರುಗುವುದು ನನಗೆ ಗೊತ್ತಿದೆ. ಬೆಲ್ಲ ಹಾಕದಿದ್ದರೆ ಗುಜರಾತಿನವರು ತಿನ್ನುವುದಿಲ್ಲ, ಹಾಕಿದರೆ ನೀವು ತಿನ್ನುವುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ನೀವೇ ಮೊದಲು ಬಂದು ಕುಳಿತಿರುತ್ತೀರಿ. ಇರಲಿ.

ಇಂದು ನನಗೆ ಈ ಶಾಲು ಹೊದೆಸಿದ್ದೀರಿ. ಎಪ್ರಿಲ್ ತಿಂಗಳ ಕೊನೆ, ವಡೋದರಾ, ಮೇಲಿನಿಂದ ಶಾಲು! ಸನ್ಮಾನವೋ ಶಿಕ್ಷೆಯೋ ಎಂದು ಕೇಳಬೇಕಾಗುತ್ತದೆ. ತಮಾಷೆಗೆ ಹೇಳಿದೆ, ಅಧ್ಯಕ್ಷರು ಬೇಸರಿಸಬಾರದು. ಇಲ್ಲಿ ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಒಂದು ಸ್ವಿಚ್ಚಿದೆ, ನಿಮಗೆಲ್ಲ ಕಾಣಿಸುತ್ತಿರಬಹುದು. ನನ್ನ ಎರಡು ಮಾತು ಮುಗಿದ ಮೇಲೆ ನಾನು ಅದನ್ನು ಒತ್ತಬೇಕು. ಒತ್ತಿದರೆ ಈ ಭವನದ ಹಿಂದಿನ ಹೊಸ ಹುಲ್ಲುಹಾಸಿನ ಮೇಲೆ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಕಾರಂಜಿಗಳು ತಿರುಗುತ್ತವೆ. ಆ ಹುಲ್ಲುಹಾಸಿಗೆ ನನ್ನ ಹೆಂಡತಿಯ ಹೆಸರು ಇಟ್ಟಿದ್ದೀರಿ. ಸುಮತಿ ಸ್ಮರಣ ಉದ್ಯಾನ. ಹೊರಗೆ ಬೋರ್ಡು ನೋಡಿದೆ, ಅಕ್ಷರ ಚೆನ್ನಾಗಿದೆ. ಅವಳು ತೀರಿಕೊಂಡು ಈ ತಿಂಗಳಿಗೆ ಎರಡು ವರ್ಷ.

ಮೇಘನಾ ಅವರು ನನಗೋಸ್ಕರ ಒಂದು ಪುಟ ಭಾಷಣ ಟೈಪ್ ಮಾಡಿ ಕೊಟ್ಟಿದ್ದಾರೆ. ಒಳ್ಳೆಯ ಭಾಷಣ. ಅದನ್ನು ಓದಿ, ಸ್ವಿಚ್ಚು ಒತ್ತಿ, ಫೋಟೋಕ್ಕೆ ನಿಂತು, ಊಟ ಮಾಡಿ ಮನೆಗೆ ಹೋಗಬೇಕು. ಹಾಗೆಂದುಕೊಂಡೇ ಹೊರಟು ಬಂದವನು ನಾನು. ಆದರೆ ಈಗ ನಾನು ಮೈಕಿನ ಮುಂದೆ ಬಂದು ನಿಲ್ಲುವಷ್ಟರಲ್ಲಿ ಯಾರೋ ಪುಣ್ಯಾತ್ಮರು ಈ ಲೋಟ ನೀರು ತಂದು ಇಟ್ಟರು. ಮೇಲೆ ಮುಚ್ಚಳ ಬೇರೆ. ಭಾಷಣ ಮಾಡುವವನ ಗಂಟಲು ಒಣಗಬಾರದು ಎಂದು. ಅದನ್ನು ನೋಡಿದ ಮೇಲೆ ಈ ಕಾಗದದ ಅಕ್ಷರ ಸರಿಯಾಗಿ ಕಾಣಿಸುತ್ತಿಲ್ಲ. ಮೇಘನಾ ಅವರೇ, ಕ್ಷಮಿಸಿ, ಇದನ್ನು ಮಡಿಚಿ ಕಿಸೆಗೆ ಹಾಕುತ್ತೇನೆ.

ನೀರಿನ ಬಗ್ಗೆ ಒಂದು ಮಾತು ಹೇಳಬಹುದೇ? ನಾನು ಬ್ರಹ್ಮಾವರದಿಂದ ಈ ಊರಿಗೆ ಬಂದಾಗ ಸೋದರಮಾವನ ಹೋಟೆಲಿನಲ್ಲಿ ಮೊದಲು ಕಲಿತ ಕೆಲಸ ಇಡ್ಲಿ ಹೊಯ್ಯುವುದಲ್ಲ, ದೋಸೆ ತಿರುವುವುದಲ್ಲ, ನೀರು ಇಡುವುದು. ಗಿರಾಕಿ ಬಂದು ಕುಳಿತ, ಅವನ ಮುಂದೆ ಮೊದಲು ನೀರು. ಏನು ಬೇಕು ಎಂದು ಕೇಳುವುದು ಆಮೇಲೆ. ಅವನು ತಿನ್ನಲಿ ಬಿಡಲಿ, ಬರೇ ನೀರು ಕುಡಿದು ಎದ್ದುಹೋಗಲಿ, ಮುಖ ಗಂಟು ಹಾಕಬಾರದು. ಮಾವ ಇದನ್ನು ನನ್ನ ಕಿವಿ ಹಿಂಡಿ ಕಲಿಸಿದರು. ಇಂದಿಗೂ ನನ್ನ ಹೋಟೆಲಿನಲ್ಲಿ ಯಾರ ಮುಂದಾದರೂ ಖಾಲಿ ಲೋಟ ಕಂಡರೆ ನನಗೆ ತಲೆ ಕೆಡುತ್ತದೆ, ಗಲ್ಲೆಯಿಂದಲೇ ಕೂಗುತ್ತೇನೆ. ಸಾಂಬಾರಿನ ಬಟ್ಟಲು ಖಾಲಿ ಕಂಡರೆ ಕೇಳದೆ ತುಂಬಿಸಬೇಕು. ಇದು ನಮ್ಮ ಕಸುಬು. ನಮಗೆ ಬೇರೆ ಯಾವ ಪ್ರೀತಿಯೂ ಮಾಡಲು ಬರುವುದಿಲ್ಲ. ತುಂಬಿಸಲು ಬರುತ್ತದೆ, ಅಷ್ಟೆ.

ಇಂಥವನಿಗೆ ಗಂಟುಬಿದ್ದವಳು ಸುಮತಿ. ಮದುವೆಯಾಗಿ ಬರುವಾಗ ಅವಳು ತಂದ ಸಾಮಾನು ಏನು ಬಲ್ಲಿರಾ? ಒಂದು ಟ್ರಂಕು ಬಟ್ಟೆ, ಎರಡು ಗೋಣಿಚೀಲ ಗಿಡ. ರೈಲಿನಲ್ಲಿ ಟೀಸಿ ಬಂದು ಈ ಕಾಡಿಗೆ ಟಿಕೆಟು ಎಲ್ಲಿ ಎಂದು ಕೇಳಿದ. ಮಲ್ಲಿಗೆ, ಕೇಪಳ, ರಂಜೆ, ಸುರಗಿಯ ಸಸಿ, ಇನ್ನೂ ಏನೇನೋ. ಮನೆಯ ಹಿಂದೆ ನೆಟ್ಟಳು, ತೆಂಗಿನ ಗರಿ ಸಿಗದೆ ಹಳೆಯ ಸೀರೆ ಕಟ್ಟಿ ನೆರಳು ಮಾಡಿದಳು, ಪಾತ್ರೆ ತೊಳೆದ ನೀರನ್ನೂ ಬಿಡದೆ ಹೊಯ್ದಳು. ಮೇ ತಿಂಗಳ ಬಿಸಿಗಾಳಿ ಒಂದು ವಾರ ಬೀಸಿತು ನೋಡಿ, ಎಲ್ಲ ಹಪ್ಪಳ. ಮರುವರ್ಷ ಮತ್ತೆ ತಂದಳು, ಮತ್ತೆ ಹಪ್ಪಳ. ಆಗ ಹಿತ್ತಲಲ್ಲಿ ಕುಳಿತು ಅತ್ತಳು. ನನ್ನ ಮೇಲೆ ಕೂಗಾಡಿದಳು, ಇದೆಂಥ ಊರು ಮಾರಾಯ್ರೆ, ಇಲ್ಲಿ ನಮ್ಮದು ಎಂತದೂ ಬದುಕುವುದಿಲ್ಲ ಎಂದು. ನಾನು ಬದುಕುತ್ತಾ ಇದ್ದೇನಲ್ಲ ಎಂದೆ. ಆ ದಿನ ರಾತ್ರಿ ಊಟಕ್ಕೆ ನನಗೆ ಬರೇ ಮಜ್ಜಿಗೆ ಸಿಕ್ಕಿತು.

ಅವಳನ್ನು ಆ ದುಃಖದಿಂದ ಎಬ್ಬಿಸಿದವರು ನಿಕಿತಾಬೆನ್. ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ, ಕನ್ನಡ ಬಾರದಿದ್ದರೂ ಬಂದಿದ್ದಾರೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು, ನಮ್ಮ ಹೋಟೆಲಿಗೆ ಇಡ್ಲಿ ತಿನ್ನಲು ಬರುತ್ತಿದ್ದರು. ಸುಮತಿಯ ಗೋಳು ಕೇಳಿ ಅವಳನ್ನು ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಊರಾಚೆಯ ಬೀಳು ಜಾಗಕ್ಕೆ ಕರೆದುಕೊಂಡು ಹೋದರು. ಯಾವಾಗ? ನಡು ಬೇಸಿಗೆಯಲ್ಲಿ! ಇಬ್ಬರಿಗೂ ತಲೆ ಸರಿ ಇದೆಯೇ ಎಂದು ನಾನು ಕೇಳಿದೆ. ಸಂಜೆ ಮನೆಗೆ ಬಂದವಳ ಮುಖ ಕೆಂಪಗೆ ಬೆಂದಿತ್ತು, ಕೈತುಂಬ ಮುಳ್ಳು ಗೀಚಿತ್ತು, ಬಾಯಿ ಮಾತ್ರ ಮುಚ್ಚಲಿಲ್ಲ. ಎಲೆಯೇ ಇಲ್ಲದ ಗಿಡವಂತೆ, ಮೈತುಂಬ ಇಟ್ಟಿಗೆ ಬಣ್ಣದ ಹೂವಂತೆ. ಇಲ್ಲಿಯವರು ಕೇರಡೋ ಎಂದು ಕರೆಯುವ ಗಿಡ ಅದು. ನಾವು ಅದರ ಕಾಯಿಯ ಉಪ್ಪಿನಕಾಯಿ ತಿಂದಿದ್ದೇವೆ, ಗಿಡವನ್ನು ತಿರುಗಿ ನೋಡಿದವರು ಎಷ್ಟು ಜನ?

ಆಮೇಲೆ ಬಳಗದವರು ಈ ಭವನ ಕಟ್ಟಿ, ಹಿಂದೆ ಕಲ್ಲುಚೂರು, ಸಿಮೆಂಟು ಗಟ್ಟಿ ರಾಶಿ ಬಿದ್ದಿದ್ದ ಜಾಗವನ್ನು ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಸುಮತಿ ಕೈ ಎತ್ತಿದಳು. ನನಗೆ ಕೊಡಿ, ಈ ಮಣ್ಣಿನ ಗಿಡ ಮಾತ್ರ ಹಾಕುತ್ತೇನೆ ಎಂದಳು. ಕೊಟ್ಟಿರಿ. ಅದಕ್ಕೆ ನಾನು ಋಣಿ. ಆದರೆ ನಿಜ ಹೇಳಿ, ಆ ತೋಟ ನಿಮಗೆ ಇಷ್ಟವಾಗಿತ್ತೇ? ಮಳೆಗಾಲದಲ್ಲಿ ಪರವಾಗಿಲ್ಲ, ಹಸಿರಾಗಿರುತ್ತಿತ್ತು. ಹೋಳಿಯ ಹೊತ್ತಿಗೆ ಮುತ್ತುಗ ಅರಳಿದಾಗ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆದಿರಿ. ಎಪ್ರಿಲ್ ಬಂತೆಂದರೆ ಶುರು. ಇದೇನು ಸುಮತಿಯಮ್ಮ, ಎಲ್ಲ ಒಣಗಿ ಹೋಗಿದೆ. ಹೊರಗಿನಿಂದ ಅತಿಥಿಗಳು ಬರುತ್ತಾರೆ, ನಾಚಿಕೆಯಾಗುತ್ತದೆ. ಹೀಗೆ ಹೇಳಿದವರ ಹೆಸರು ನಾನು ಹೇಳುವುದಿಲ್ಲ, ಅದರಲ್ಲಿ ಒಬ್ಬರು ಕೋಟು ಹಾಕಿಕೊಂಡಿದ್ದಾರೆ. ನಾನೇನು ಕಡಿಮೆಯೇ? ನಾನು ಅದನ್ನು ಸೌದೆ ಡಿಪೋ ಎಂದು ಕರೆಯುತ್ತಿದ್ದೆ. ಹೋಟೆಲಿನಲ್ಲಿ ಗ್ಯಾಸ್ ಮುಗಿದರೆ ನಿನ್ನ ತೋಟಕ್ಕೆ ಬರುತ್ತೇನೆ ಎನ್ನುತ್ತಿದ್ದೆ.

ಅವಳು ನಗುತ್ತಿದ್ದಳು. ನಕ್ಕು, ಸಂಜೆ ಬಿಸಿಲು ಇಳಿಯುವಾಗ ನನ್ನನ್ನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಿದ್ದಳು. ಗುಗ್ಗುಳದ ಗಿಡ ಇತ್ತು, ನಾವು ದೇವರ ಮುಂದೆ ಧೂಪ ಹಾಕುತ್ತೇವಲ್ಲ, ಅದೇ. ಬೇಸಿಗೆಯಲ್ಲಿ ಅದರ ಕಾಂಡದ ಸಿಪ್ಪೆ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗೆ ಸುಲಿದು ನಿಲ್ಲುತ್ತಿತ್ತು. ಇಳಿಬಿಸಿಲು ಅದರ ಮೂಲಕ ಬಂದರೆ ಸಿಪ್ಪೆ ಬಂಗಾರ, ಒಳಗಿನ ಮೈ ಹಸಿರು. ಊರೆಲ್ಲ ಬೇಯುವಾಗ ಬನ್ನಿ ಮರ ಮಾತ್ರ ಹೊಸ ಚಿಗುರು ಬಿಡುತ್ತಿತ್ತು, ಯಾವ ಧೈರ್ಯದಿಂದಲೋ. ಚಳ್ಳೆ ಮರದಲ್ಲಿ ಗೊಂಚಲು ಗೊಂಚಲು ಕಾಯಿ. ಗೇಟಿನ ಪಕ್ಕ ಕಕ್ಕೆ ಹೂ ಜೋತು ಬಿದ್ದು ನೆಲದ ಮೇಲೂ ಹಳದಿ. ಮತ್ತೆ ಆ ಕೇರಡೋ, ಎಲೆಯೆಂಬುದೇ ಇಲ್ಲದೆ ಬರೇ ಕಡ್ಡಿ, ಕಡ್ಡಿಯ ತುಂಬ ಕೆಂಪು ಹೂ, ಅದರಲ್ಲಿ ತೂರಿ ತೂರಿ ಜೇನು ಕುಡಿಯುವ ಸೂರಕ್ಕಿಗಳು. ಅವಳು ನೋಡುತ್ತ ನಿಲ್ಲುತ್ತಿದ್ದಳು. ಆ ಹೊತ್ತಿನಲ್ಲಿ ಅವಳು ಎಷ್ಟು ಚಂದ ಕಾಣುತ್ತಿದ್ದಳು ಎಂದು ಅವಳಿಗೆ ಹೇಳಲಿಲ್ಲ. ನಮ್ಮ ಕಡೆಯ ಗಂಡಸರಿಗೆ ಅದೆಲ್ಲ ಹೇಳಲು ಬಾಯಿ ಬರುವುದಿಲ್ಲ, ನೋಡಿ. ಈಗ ಮೈಕಿನಲ್ಲಿ ಹೇಳುತ್ತಿದ್ದೇನೆ.

ಒಮ್ಮೆ ಅವಳ ಕಣ್ಣು ತಪ್ಪಿಸಿ ಆ ಕೇರಡೋ ಬುಡಕ್ಕೆ ಒಂದು ಬಕೆಟ್ ನೀರು ಹಾಕಲು ಹೋಗಿದ್ದೆ. ಪಾಪ, ಮೈಮೇಲೆ ಒಂದು ಎಲೆ ಇಲ್ಲ, ಎಷ್ಟು ಬಾಯಾರಿದೆಯೋ ಎಂದು. ಓಡಿ ಬಂದಳು. ಬಕೆಟ್ ಕಿತ್ತುಕೊಂಡಳು. "ಹೋಯ್, ನೀರ್ ಹಾಕ್ಬೇಡಿ ಕಾಣಿ! ಅದ್ ಸತ್ತದ್ದಲ್ಲ, ಬಾಯಾರದ್ದೂ ಅಲ್ಲ. ಅದ್ರ್ ಬೇಸಿಗಿ ಇರೂದೇ ಹಾಂಗೆ. ನಿಮ್ಗೆ ಖಾಲಿ ಕಂಡದ್ದೆಲ್ಲ ತುಂಬ್ಸೂಕ್ ಆಗ" ಎಂದಳು. ಖಾಲಿ ಕಂಡದ್ದನ್ನೆಲ್ಲ ತುಂಬಿಸಬಾರದು ಎಂದು. ಬೇಸಿಗೆಯಲ್ಲಿ ನೀರು ನಿಂತರೆ ಇಂಥ ಗಿಡದ ಬೇರು ಕೊಳೆಯುತ್ತದಂತೆ. ನಾನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಹೋಟೆಲಿನವನಿಗೆ, ಕೊಟ್ಟದ್ದು ಜಾಸ್ತಿಯಾಗಿ ಯಾರಾದರೂ ಸಾಯುತ್ತಾರೆ ಎಂದರೆ ನಂಬಿಕೆ ಬರುತ್ತದೆಯೇ?

ಆಮೇಲೆ ಅವಳ ಕಿಡ್ನಿ ಕೆಟ್ಟಿತು.

ಇದು ನಿಮಗೆಲ್ಲ ಗೊತ್ತಿರುವ ವಿಷಯ. ನೀವೆಲ್ಲ ಬಂದು ನೋಡಿದ್ದೀರಿ, ಹಣ್ಣು ತಂದಿದ್ದೀರಿ, ಆ ಹಣ್ಣು ಅವಳು ತಿನ್ನುವ ಹಾಗಿರಲಿಲ್ಲ. ಡಯಾಲಿಸಿಸ್ ಎಂದರೆ ಮಷೀನಿಗೆ ಹಾಕುವುದು, ಅದು ಗೊತ್ತು. ನಿಮಗೆ ಬಹುಶಃ ಗೊತ್ತಿಲ್ಲದ್ದು ಏನೆಂದರೆ ನೀರು. ಮೂತ್ರ ಹೋಗದವರು ಕುಡಿದ ನೀರೆಲ್ಲ ಒಳಗೇ ನಿಲ್ಲುತ್ತದೆ. ಮೈ ಊದುತ್ತದೆ, ಎದೆಗೆ ಏರುತ್ತದೆ. ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು, ಇಡೀ ದಿನಕ್ಕೆ ಈ ಬಾಟಲಿಯಷ್ಟೇ, ಕಾಫಿ, ಸಾರು, ಮಜ್ಜಿಗೆ ಎಲ್ಲ ಇದರಲ್ಲೇ ಲೆಕ್ಕ, ಮೇಲೆ ಒಂದು ತೊಟ್ಟೂ ಕೊಡಬೇಡಿ. ಯಾರಿಗೆ ಹೇಳಿದರು? ನನಗೆ! ಇಡೀ ವಡೋದರಾ ಸ್ಟೇಷನ್ನಿನ ಜನಕ್ಕೆ ಕೇಳದೆ ನೀರು ಇಡುವವನಿಗೆ, ಮನೆಯಲ್ಲಿ ಹೆಂಡತಿ ಕೇಳಿದರೂ ಕೊಡಬೇಡ ಎಂದರು.

ಕೊಡಲಿಲ್ಲ ನಾನು. ನನ್ನ ಕೆಲಸ ನಾನು ಸರಿಯಾಗಿ ಮಾಡಿದೆ. ಅವಳು ಬೆಳಿಗ್ಗೆ ಇಡ್ಲಿಯನ್ನು ಒಣ ಒಣ ತಿಂದಳು, ಸಾಂಬಾರಿನ ಹೋಟೆಲಿನ ಯಜಮಾನಿ! ಬಾಯಿ ಒಣಗಿದರೆ ಮುಕ್ಕಳಿಸಿ ಉಗುಳುತ್ತಿದ್ದಳು, ನಾನು ಪಕ್ಕದಲ್ಲೇ ನಿಂತು ಉಗುಳಿದಳೋ ಇಲ್ಲವೋ ನೋಡುತ್ತಿದ್ದೆ. ಪೊಲೀಸಿನ ಹಾಗೆ. ಅವಳ ಎದುರು ಕುಡಿಯಲು ಮನಸ್ಸಾಗದೆ ನಾನೂ ಲೋಟ ಎತ್ತುವುದನ್ನು ಬಿಟ್ಟೆ. ಅಡಿಗೆಮನೆಯ ಮೂಲೆಗೆ ಹೋಗಿ ಗಂಟಲು ಒದ್ದೆ ಮಾಡಿಕೊಂಡು ಬರುತ್ತಿದ್ದೆ. ಆ ಅಭ್ಯಾಸ ಹೋಗಿಲ್ಲ. ಈಗಲೂ ಒಂದೊಂದು ಗುಟುಕೇ. ತುಂಬಿದ ಲೋಟವನ್ನು ಒಂದೇ ಸಲಕ್ಕೆ ಕುಡಿದು ಎಷ್ಟು ಕಾಲವಾಯಿತೋ ನನಗೇ ಗೊತ್ತಿಲ್ಲ. ಅದಕ್ಕೇ ಈ ಲೋಟದ ಮುಚ್ಚಳ ಇನ್ನೂ ತೆಗೆದಿಲ್ಲ.

ಆ ಕೊನೆಯ ಸಂಜೆ ಭಾರೀ ಸೆಕೆ. ಅವಳು ನನ್ನನ್ನು ಕರೆದು, ತೋಟಕ್ಕೆ ಕರೆದುಕೊಂಡು ಹೋಗಿ ಎಂದಳು. ಕಾರಿನಲ್ಲಿ ಕರೆತಂದೆ. ಇಲ್ಲೇ ಹಿಂದೆ, ಕುರ್ಚಿ ಹಾಕಿ ಕೂರಿಸಿದೆ. ಕೇರಡೋ ಆ ವರ್ಷ ಹೇಗೆ ಹೂ ಬಿಟ್ಟಿತ್ತು ಎಂದರೆ ಕಡ್ಡಿ ಕಾಣಿಸುತ್ತಿರಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳು ಐಸ್‌ಕ್ರೀಮು ಕೇಳುತ್ತಾರಲ್ಲ, ಹಾಗೆ ಕೇಳಿದಳು. "ಒಂದ್ ಲೋಟ ತುಂಬ ನೀರ್ ಕೊಡಿ ಕಾಂಬ. ಒಂದೇ ಸಲ. ಗಟಗಟ ಅಂದ್ ಕುಡೀಕಂದ್ ಆಸಿ ಆತ್ತ್." ನಾನೇನು ಹೇಳಿದೆ? "ನಾಳೆ ಮಷೀನ್ ಆಯ್ಲಿ, ಬಪ್ಪತಿಗೆ ಕೊಡ್ತೆ" ಎಂದೆ. ಡಯಾಲಿಸಿಸ್ ಮುಗಿಸಿ ಬರುವಾಗ ಕೊಡುತ್ತೇನೆ ಎಂದು. ಅವಳು "ಆಯ್ತ್" ಎಂದಳು. ಜಗಳ ಮಾಡಲಿಲ್ಲ. ಜಗಳ ಮಾಡಬಾರದಿತ್ತೇ ಮಹಾರಾಯ್ತಿ! ಮೂವತ್ತು ವರ್ಷ ಸಣ್ಣ ಸಣ್ಣದಕ್ಕೆಲ್ಲ ಜಗಳ ಮಾಡಿದವಳು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ಅವಳ ಎದೆಬಡಿತ ನಿಂತಿತು.

ಡಾಕ್ಟರು ನನ್ನ ಭುಜ ಹಿಡಿದು, ನೀವು ಎಲ್ಲವನ್ನೂ ಸರಿಯಾಗಿ ಮಾಡಿದ್ದೀರಿ ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ನಾನು ತಪ್ಪು ಮಾಡಿದೆ ಎಂದು ಇಂದಿಗೂ ಹೇಳುವುದಿಲ್ಲ. ಕೊಟ್ಟಿದ್ದರೆ ಇನ್ನೂ ಕಷ್ಟಪಟ್ಟು ಹೋಗುತ್ತಿದ್ದಳು ಎಂಬುದು ಗೊತ್ತಿದೆ. ಸರಿಯಾದದ್ದನ್ನು ಮಾಡಿದವನಿಗೆ ನಿದ್ದೆ ಬರಬೇಕಲ್ಲ ಸ್ವಾಮೀ? ಬರಲಿಲ್ಲ. ಹೋಟೆಲಿನಲ್ಲಿ ಗಿರಾಕಿ ಲೋಟ ಎತ್ತಿ ಗಟಗಟ ಕುಡಿಯುವ ಸದ್ದು ಕೇಳಿದರೆ ಗಲ್ಲೆ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದೆ. ಅಳುವುದಕ್ಕೆ ಹೊರಗೆ ಜಾಗವಾದರೂ ಎಲ್ಲಿದೆ ಅಲ್ಕಾಪುರಿಯಲ್ಲಿ, ಪಾರ್ಕಿಂಗಿಗೇ ಇಲ್ಲ.

ಅದಕ್ಕೇ ಇಲ್ಲಿಗೆ ಬರಲು ಶುರು ಮಾಡಿದೆ, ಅವಳ ತೋಟಕ್ಕೆ. ಬೇಸಿಗೆ ಇನ್ನೂ ಮುಗಿದಿರಲಿಲ್ಲ. ಒಂದು ಉದ್ದನೆಯ ರಬ್ಬರ್ ಪೈಪು ತಂದೆ. ನಲ್ಲಿಗೆ ಸಿಕ್ಕಿಸಿ, ಬೆಳಿಗ್ಗೆ ಹೋಟೆಲು ತೆರೆಯುವ ಮೊದಲು ನೀರು, ಸಂಜೆ ಮತ್ತೆ ನೀರು. ಒಂದೊಂದೇ ಗಿಡದ ಬುಡದಲ್ಲಿ ನಿಂತು, ಸಾಕು ಎನ್ನುವವರೆಗೆ. ಗಿಡ ಸಾಕು ಎನ್ನುತ್ತದೆಯೇ? ನಮ್ಮ ಅಡಿಗೆಯ ಅಚ್ಯುತ ನನ್ನ ಅವಸ್ಥೆ ನೋಡಲಾರದೆ ತಾನೂ ಸೇರಿಕೊಂಡ. ಹೋಟೆಲಿನಲ್ಲಿ ಅಕ್ಕಿ ತೊಳೆದ ನೀರು, ಗ್ರೈಂಡರು ತೊಳೆದ ಬಿಳಿ ನೀರು, ಉಳಿದ ಮಜ್ಜಿಗೆ, ಎಲ್ಲವನ್ನೂ ಕ್ಯಾನಿನಲ್ಲಿ ತುಂಬಿಸಿ ರಿಕ್ಷಾದಲ್ಲಿ ತರುತ್ತಿದ್ದ. ನಮ್ಮೂರಿನಲ್ಲಿ ಕರಿಬೇವಿಗೆ, ತೊಂಡೆ ಬಳ್ಳಿಗೆ ಹಾಕುವುದಿಲ್ಲವೇ ಯಜಮಾನರೇ, ಇದಕ್ಕಿಂತ ಒಳ್ಳೆಯ ಗೊಬ್ಬರ ಇಲ್ಲ ಎಂದ. ಹೌದೆಂದೆ. ಇಡ್ಲಿ ಹಿಟ್ಟಿನ ನೀರು ಕುಡಿಸಿ ಮರುಭೂಮಿಯ ಗಿಡ ಸಾಕಲು ಹೊರಟವರು ಪ್ರಪಂಚದಲ್ಲಿ ನಾವಿಬ್ಬರೇ ಇರಬೇಕು. ನಗಿ, ಪರವಾಗಿಲ್ಲ, ನಗುವಂಥದ್ದೇ ಅದು.

ತೋಟ ಹಸಿರಾಯಿತು. ಗಿಡ ಅಲ್ಲ, ನಡುವೆ ಹುಲ್ಲು, ಕಳೆ, ಎಲ್ಲಿಂದಲೋ ಬಂದ ಕೆಸು ಕೂಡ. ನೀವೆಲ್ಲ ಹೊಗಳಿದಿರಿ. ಪದ್ಮನಾಭರೇ, ತೋಟಕ್ಕೆ ಈಗ ಜೀವ ಬಂತು ಎಂದಿರಿ. ಹೆಂಡತಿಯ ನೆನಪಿಗೆ ಗಂಡ ಎಷ್ಟು ಮಾಡುತ್ತಾನೆ ನೋಡಿ ಎಂದು ಹೆಂಗಸರು ನಿಮ್ಮ ನಿಮ್ಮ ಗಂಡಂದಿರಿಗೆ ತೋರಿಸಿದಿರಿ. ನನಗೂ ಹಿತವಾಯಿತು, ಸುಳ್ಳು ಯಾಕೆ ಹೇಳಲಿ. ಮರುವರ್ಷದ ಬೇಸಿಗೆಗೆ ಗುಗ್ಗುಳ ಒಂದು ದಿನ ಹಾಗೇ ಪಕ್ಕಕ್ಕೆ ವಾಲಿತು. ಹಿಡಿದು ನೆಟ್ಟಗೆ ಮಾಡಲು ಹೋದರೆ ಕೈಗೇ ಬಂತು. ಕೇರಡೋ ಸಾಲಿನಲ್ಲಿ ಒಂದು ಹೂವಿಲ್ಲ. ಅದು ಎಲೆ ಉದುರಿಸಿದೆಯೇ ಸತ್ತಿದೆಯೇ ಎಂದು ತಿಳಿಯುವುದಾದರೂ ಹೇಗೆ, ಅದಕ್ಕೆ ಮೊದಲೂ ಎಲೆ ಇರಲಿಲ್ಲವಲ್ಲ! ಬಾಯಾರಿರಬೇಕು ಎಂದು ಇನ್ನೂ ಸ್ವಲ್ಪ ಹೊತ್ತು ಪೈಪು ಬಿಟ್ಟೆ.

ಕೊನೆಗೆ ನಿಕಿತಾಬೆನ್ ಬಂದರು. ಬಗ್ಗಿ ಬುಡದ ಮಣ್ಣು ಕೈಯಲ್ಲಿ ಎತ್ತಿ ಮೂಸಿ ನೋಡಿದರು. ಹುಳಿ ವಾಸನೆ, ನಮ್ಮ ಹಿಟ್ಟಿನದೇ. ಬೇರು ಎಳೆದರೆ ಕಪ್ಪಗೆ, ಮೆತ್ತಗೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಾಣಿ ಬಹು ಥಯೀ ಗಯೂ, ಪದ್ಮನಾಭಭಾಯಿ" ಎಂದರು, ಅಷ್ಟೆ. ನೀರು ಹೆಚ್ಚಾಯಿತು ಎಂದು. ನಾನು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟೆ. ಅವಳು ಕೇಳಿದಾಗ ಕೊಡಲಿಲ್ಲ, ಇವು ಕೇಳದಿದ್ದರೂ ಕೊಟ್ಟೆ. ಅವಳದ್ದೆಂದು ಈ ಊರಿನಲ್ಲಿ ಉಳಿದದ್ದು ಅದೊಂದೇ, ಅದನ್ನೂ ನನ್ನ ಕೈಯಾರೆ ಕೊಂದೆ.

ಇದಾದ ಮೇಲೆಯೇ ಸಮಿತಿಯವರು ಹುಲ್ಲುಹಾಸಿನ ಯೋಜನೆ ತಂದದ್ದು. ಸತ್ತ ಗಿಡ ತೆಗೆದು, ನೆಲ ಸಮ ಮಾಡಿ, ಹುಲ್ಲು ಹಾಸಿ, ಕಾರಂಜಿ ಇಡೋಣ, ಸುಮತಿಯಮ್ಮನ ಹೆಸರು ಇಡೋಣ ಎಂದರು. ಹರಿಪ್ರಸಾದರೇ, ನೀವು ಪ್ರೀತಿಯಿಂದಲೇ ಮಾಡಿದ್ದೀರಿ, ಅದರಲ್ಲಿ ನನಗೆ ಸಂಶಯ ಇಲ್ಲ. ನಾನೂ ಸಭೆಯಲ್ಲಿ ತಲೆ ಆಡಿಸಿದೆ. ನೀರು ಹಾಕಿದಷ್ಟೂ ನಗುವ ಗಿಡ ಬೇಕಾಗಿತ್ತು ನನಗೆ, ಹುಲ್ಲಿಗಿಂತ ಒಳ್ಳೆಯದು ಯಾವುದಿದೆ?

ಇಂದು ಮಧ್ಯಾಹ್ನ ಸ್ವಾತಿ ಸೂರತ್ತಿನಿಂದ ಬಂದಳು. ಇಲ್ಲಿ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಮೂರು ಭಾಷೆ ಇರುತ್ತದೆ. ಅವಳನ್ನು ಕರೆದುಕೊಂಡು ಹೋಗಿ ಹುಲ್ಲುಹಾಸು ತೋರಿಸಿದೆ, ಕಾರಂಜಿ ತೋರಿಸಿದೆ. ಅವಳು ನೇರ ಹಿಂದಿನ ಗೋಡೆಯ ಮೂಲೆಗೆ ನಡೆದಳು. ನಾನೂ ಹೋದೆ. ಆ ಮೂಲೆಯಲ್ಲಿ, ಹಳೆಯ ನೀರಿನ ಟ್ಯಾಂಕಿಯ ಹಿಂದೆ, ಒಂದು ಕೇರಡೋ ಇದೆ ಸಭಿಕರೇ. ಒಂದೇ ಒಂದು. ನನ್ನ ಪೈಪು ಎಷ್ಟು ಎಳೆದರೂ ಅಲ್ಲಿಯವರೆಗೆ ಮುಟ್ಟುತ್ತಿರಲಿಲ್ಲ, ಅಚ್ಯುತನಿಗೆ ಕ್ಯಾನು ಹೊತ್ತು ಅಲ್ಲಿಯವರೆಗೆ ನಡೆಯಲು ಸೋಮಾರಿತನ. ಎರಡು ವರ್ಷ ನಾವ್ಯಾರೂ ಅದರ ಸುದ್ದಿಗೆ ಹೋಗಲಿಲ್ಲ. ಈಗ ಅದರ ಮೈತುಂಬ ಹೂವಿದೆ. ಕೆಂಪಗೆ, ಅವಳು ಕುಳಿತು ನೋಡಿದ ಸಂಜೆ ಇದ್ದ ಹಾಗೆಯೇ. ಅದರ ಬುಡದ ಪಕ್ಕದಲ್ಲೇ ಒಂದು ಹೊಸ ಕಾರಂಜಿಯ ತಲೆ ನೆಟ್ಟಿದ್ದಾರೆ.

ನಾನು ಮಗಳಿಗೆ ಏನು ಹೇಳಿದೆ ಗೊತ್ತೇ? ಇನ್ನು ಇದಕ್ಕೂ ನೀರು ಸಿಗುತ್ತದೆ ಎಂದೆ. ಸಂತೋಷದಿಂದಲೇ ಹೇಳಿದೆ. ಆ ಕಪ್ಪು ಬೇರು ನೋಡಿದವನೇ ನಾನು, ಆದರೂ ಬಾಯಿಗೆ ಬಂದದ್ದು ಅದೇ. ಅವಳು ನನ್ನ ಮುಖ ನೋಡಿದಳು. "ಪಪ್ಪಾ, ಅಮ್ಮನಿಗೆ ಕೊಡ್ಲಿಲ್ಲ ಅಂತ ಇನ್ನೂ ಎಷ್ಟು ದಿನ ಅವಳ ಗಾರ್ಡನ್‌ಗೆ ಕೊಡ್ತೀರಾ? ಬಸ್ ಕರೋ ನಾ" ಎಂದಳು, ಇನ್ನು ಸಾಕು ಮಾಡಿ ಎಂದು. ನನಗೆ ಎಲ್ಲಿತ್ತೋ ಸಿಟ್ಟು. ನಿನಗೇನು ಗೊತ್ತು, ನೀನು ಸೂರತ್ತಿನಲ್ಲಿ ಆರಾಮಾಗಿ ಇದ್ದವಳು ಎಂದು ಬೈದೆ. ಹೇಳಬಾರದ್ದನ್ನು ಹೇಳಿದೆ. ಶನಿವಾರ ಬಂತೆಂದರೆ ರೈಲು ಹತ್ತಿ ಬಂದು ತಾಯಿಯ ಕಾಲು ಒತ್ತಿದ ಹುಡುಗಿ ಅವಳು. ಅಂದಿನಿಂದ, ಅಂದರೆ ಮಧ್ಯಾಹ್ನದಿಂದ, ನಾವಿಬ್ಬರೂ ಮಾತಾಡಿಲ್ಲ. ಮನೆಗೆ ಹೋಗಿ ಬಟ್ಟೆ ಬದಲಿಸಿ ಮತ್ತೆ ಒಂದೇ ಕಾರಿನಲ್ಲಿ ಇಲ್ಲಿಗೆ ಬಂದೆವು, ಅವಳು ಕಿಟಕಿ ಕಡೆ, ನಾನು ರಸ್ತೆ ಕಡೆ.

ಸ್ವಾತಿ, ಇಲ್ಲಿ ನೋಡು ಮಗಾ. ಇಷ್ಟು ಜನರ ಎದುರು ಕ್ಷಮೆ ಕೇಳಿದರೆ ಆಮೇಲೆ ಮನೆಯಲ್ಲಿ ಬೇರೆ ಕೇಳಬೇಕಾಗಿಲ್ಲ, ಅಲ್ಲವೇ? ನೀನು ಹೇಳಿದ್ದು ಸರಿ. ನನಗೆ ಗೊತ್ತಿತ್ತು, ಆದರೂ ಯಾರಾದರೂ ಹೇಳಬೇಕಾಗಿತ್ತು.

ಅಧ್ಯಕ್ಷರೇ, ಈ ಸ್ವಿಚ್ಚು ನಾನು ಒತ್ತುವುದಿಲ್ಲ. ನನ್ನ ಕೈ ಏಳುವುದಿಲ್ಲ. ನೀವು ಇಷ್ಟು ಶ್ರಮಪಟ್ಟಿದ್ದೀರಿ, ನಾನು ಕೃತಘ್ನನ ಹಾಗೆ ಕಾಣುತ್ತಿದ್ದೇನೆ, ಬೈದರೆ ಬೈಸಿಕೊಳ್ಳುತ್ತೇನೆ, ಶಾಲು ಬೇಕಾದರೆ ವಾಪಸು ತೆಗೆದುಕೊಳ್ಳಿ, ಸೆಕೆಯೂ ಕಡಿಮೆಯಾದೀತು. ಹುಲ್ಲುಹಾಸು ಮಕ್ಕಳಿಗೆ ಆಡಲು ಇರಲಿ, ನೀರೂ ಬಿಡಿ, ನನ್ನದೇನೂ ತಕರಾರಿಲ್ಲ. ಆದರೆ ಆ ಮೂಲೆ ನನಗೆ ಬಿಡಿ. ಆ ಒಂದು ಕಾರಂಜಿಯ ತಲೆ ಕಿತ್ತ ಮೇಲೆ ಬೇರೆ ಯಾರಾದರೂ ಸ್ವಿಚ್ಚು ಒತ್ತಲಿ. ಮತ್ತೆ ಆ ಬೋರ್ಡು, ಅವಳ ಹೆಸರಿನದು, ಅದನ್ನು ಗೇಟಿನಿಂದ ತೆಗೆದು ಆ ಮೂಲೆಗೆ ಹಾಕಿ. ಹುಲ್ಲಿಗೆ ಅವಳ ಹೆಸರು ಬೇಡ, ಅವಳಿಗೆ ಹುಲ್ಲು ಕಂಡರೆ ಆಗುತ್ತಿರಲಿಲ್ಲ. ಇದು ನನ್ನ ಬೇಡಿಕೆ. ಮೂವತ್ತೈದು ವರ್ಷದಿಂದ ನಿಮಗೆಲ್ಲ ಬಡಿಸಿದವನು, ನಿಮ್ಮ ಹತ್ತಿರ ಮೊದಲ ಸಲ ಏನನ್ನೋ ಕೇಳುತ್ತಿದ್ದೇನೆ.

ಹೊರಗೆ ಇನ್ನೂ ಬೆಳಕಿದೆ. ಊಟಕ್ಕೆ ಮೊದಲು ದಯವಿಟ್ಟು ಎಲ್ಲರೂ ಒಮ್ಮೆ ಟ್ಯಾಂಕಿಯ ಹಿಂದೆ ಹೋಗಿ ಬನ್ನಿ. ಒಣಗಿದೆ ಎಂದು ಯಾರೂ ಅನುಕಂಪ ತೋರಿಸಬೇಡಿ, ಸುಮ್ಮನೆ ನಿಂತು ನೋಡಿ. ಬರುವಾಗ ಬಾಗಿಲ ಹತ್ತಿರ ಅಚ್ಯುತ ಮಣ್ಣಿನ ಹಂಡೆಯಲ್ಲಿ ಲಾವಂಚ ಹಾಕಿದ ನೀರು ಇಟ್ಟಿದ್ದಾನೆ. ಹೊಟ್ಟೆ ತುಂಬ ಕುಡಿಯಿರಿ. ಕುಡಿಯಬಹುದಾದವರೆಲ್ಲ ಕುಡಿಯಿರಿ.

ನಾನೂ ಈ ಲೋಟ ಎತ್ತುತ್ತೇನೆ. ಮೈಕಿನ ಎದುರು ಕುಡಿಯುವುದು ಸಭ್ಯತೆಯಲ್ಲ, ಗೊತ್ತು. ಸ್ವಲ್ಪ ತಡೆಯಿರಿ.

ಆಯಿತು. ಖಾಲಿ. ಒಂದೇ ಸಲಕ್ಕೆ ಕುಡಿದೆ, ನೀನು ಕೇಳಿದ ಹಾಗೆಯೇ, ಸುಮತಿ. ತಣ್ಣಗಿತ್ತು.

ಇಲ್ಲ ಇಲ್ಲ ಮೇಘನಾ ಅವರೇ, ಜಗ್ಗು ತರಬೇಡಿ. ಖಾಲಿಯಾಗಿಯೇ ಇರಲಿ ಅದು. ಇಷ್ಟು ಹೊತ್ತು ಊಟ ತಡವಾದರೂ ಎದ್ದು ಹೋಗದೆ ಕೇಳಿದ ನಿಮಗೆ, ಅರ್ಥವಾಗದಿದ್ದರೂ ಅಳುತ್ತಿರುವ ನಿಕಿತಾಬೆನ್ ಅವರಿಗೆ, ಈಗ ನನ್ನ ಕಡೆ ನೋಡುತ್ತಿರುವ ನನ್ನ ಮಗಳಿಗೆ, ಎಲ್ಲರಿಗೂ ಉಪಕಾರ ಆಯಿತು. ನಮಸ್ಕಾರ.